ಎರಡು ಮಸಿ

ನನ್ನ ಮಸಿ ಸೀಸೆಯದು,
ಈನಕ್ ಬಿಸೆಲನದು ದೀಪದ್ದು.

ಕೆಳಗೆ, ಗಾಜಿನ ಮಾಡಿನಡಿ, ಅವನು
ಪುಟ್ಟ ಬತ್ತಿಯ ಹೊಗೆಗೆ ಉಕ್ಕನ್ನು ಹಿಡಿದು
ಕಪ್ಪಾದದ್ದನ್ನು ಅಕ್ರೋಟಿನ ಗೂಡಿನೊಳಗೆ ಮೆಲ್ಲಗೆ ಒತ್ತುತ್ತಾನೆ.
ತೆಗೆದು ನೋಡುತ್ತಾನೆ.
ಮರಕ್ಕೆ ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಉಳಿ ಆಡಬೇಕು,
ಉಗುರಿನ ಅಂಚಿನಷ್ಟು, ಅದಕ್ಕಿಂತಲೂ ಕಮ್ಮಿ.
ಮತ್ತೆ ಹೊಗೆ, ಮತ್ತೆ ಒತ್ತು,
ಊಟದ ಗಂಟೆಯೊಳಗೆ ನಲವತ್ತು ಸಲವೋ ಐವತ್ತೋ.
ಇಡೀ ಗೂಡಿಗೆ ಸಮನಾಗಿ ಮಸಿ ಹತ್ತಿದ ದಿನ
"ಕೂತಿತು" ಅನ್ನುತ್ತಾನೆ.
ವಾರಕ್ಕೆ ಅವನದು ಅದೊಂದೇ ಮಾತು.

ಮೇಲೆ ನಾನು ಬರೆಯುತ್ತೇನೆ:
ನಂಬರು ಏಳು ಸಾವಿರದ ಮುನ್ನೂರ ಹದಿನೆಂಟು.
ಜೋಡಿಯಲ್ಲಿ ಎರಡನೆಯದು.
ನಳಿಗೆ ಇಪ್ಪತ್ತೊಂಬತ್ತು ಇಂಚು, ತೂಕ ಆರು ಪೌಂಡು ಒಂಬತ್ತು ಔನ್ಸು.
ಹಿಡಿ ಬಲಕ್ಕೆ ಕಾಲು ಇಂಚು ಓರೆ.
ಮರ: ಫ್ರಾನ್ಸ್.
ಗಿರಾಕಿ: ಮಿಸ್ಟರ್ ಲೈಟಮ್ ಫಾರಂಟ್, ಹೆರೆಫರ್ಡ್‌ಶೈರ್.
ದರ್ಜಿಗೂ ಗೊತ್ತಿರದ ಸಂಗತಿ ನನ್ನ ದಫ್ತರಕ್ಕೆ ಗೊತ್ತು,
ಕೆನ್ನೆ ಎಲ್ಲಿ ತಗ್ಗು, ತೋಳು ಎಷ್ಟು ಗಿಡ್ಡ,
ಯಾವ ಕಣ್ಣು ಮನೆಯ ಯಜಮಾನ.

ಉಜ್ಜಿದವನು, ಬೆಸೆದವನು, ಉಕ್ಕಿನ ಮೇಲೆ ಗುಲಾಬಿ ಬಿಡಿಸಿದವನು,
ಇವರಿಗೂ ಕಾಲಂ ಉಂಟು. ಕೂಲಿಯ ಕಾಲಂ,
ಎರಡೆರಡೇ ಅಕ್ಷರ.
ಬಂದೂಕಿನ ಮೈಮೇಲೆ ಮಾತ್ರ ಧಣಿಗಳ ಹೆಸರು, ಚಿನ್ನದಲ್ಲಿ.

ಆ ಎರಡನೆಯದರ ಹಿಡಿ ಸಿಲಸ್ ಹಾಡ್ನೆಟ್ ಕೂರಿಸಿದ್ದು.
ಬಿಸೆಲನ ಶಿಷ್ಯ, ಅವನ ಮೊದಲ ಸ್ವಂತ ಕೆಲಸ.
ಅದಕ್ಕೂ ಮುಂಚೆ ನಾಲ್ಕು ವರ್ಷ ಹಿತ್ತಲಲ್ಲಿ
ಸುಣ್ಣ ಬಳಿದ ಕಬ್ಬಿಣದ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ವೃತ್ತದೊಳಗೆ ಬಿದ್ದ ಚರೆ ಎಣಿಸುತ್ತಿದ್ದ ಹುಡುಗ.
ಮೆಟ್ಟಿಲು ಹತ್ತಿ ಬರುವನು, ಮೂಗಿಗೆ ಸುಣ್ಣ:
"ನೂರ ತೊಂಬತ್ತೊಂದು, ಮಿಸ್. ಎರಡು ಸಲ ಎಣಿಸಿದೆ."
ನಾನು ಬರೆದುಕೊಳ್ಳುತ್ತಿದ್ದೆ.
ಬೇಕಂತಲೇ ಇನ್ನೊಂದು ಸಲ ಕೇಳುತ್ತಿದ್ದೆ.

ಆಮೇಲಿನ ಪುಟಗಳು ತೆಳುವು.
ಊರಿಗೆ ಊರೇ ರೈಫಲ್ಲು ಮಾಡಿತು, ಅದಕ್ಕೆ ಯಾರ ತೋಳಿನ ಅಳತೆಯೂ ಬೇಡ.

ಹತ್ತೊಂಬತ್ತನೇ ಇಸವಿ, ಮಾರ್ಚ್. ಕ್ಯಾಪ್ಟನ್ ಫಾರಂಟ್ ಬಂದರು,
ಬಲಗಣ್ಣಿನ ಜಾಗದಲ್ಲಿ ರೇಷ್ಮೆ ಪಟ್ಟಿ.
ಜೋಡಿಗೂ ಹೊಸ ಹಿಡಿ ಬೇಕು:
ಬಲ ಭುಜದಿಂದ ಹೊರಟು, ಕೆನ್ನೆ ಬಳಸಿ,
ಎಡಗಣ್ಣಿನ ಮುಂದೆ ನಿಲ್ಲುವ ಹಾಗೆ.
ಹಾವು ಮಲಗಿದಂಥ ಮರ ಅದು; ಬಿಸೆಲ್ ಒಲ್ಲೆ ಅನ್ನಲಿಲ್ಲ.

ಹಳೆಯ ಹಿಡಿ ಒಲೆಗೆ. ಅದು ಕಾರ್ಖಾನೆಯ ರೂಢಿ.
ಅವನು ಎರಡನೆಯದರ ತಿರುಪು ಬಿಚ್ಚಿ
ಉಕ್ಕು ಎತ್ತಿದ. ನಾನು ರಸೀದಿ ಕೊಡಲು ಅಲ್ಲೇ ನಿಂತಿದ್ದೆ.
ಗೂಡಿನ ತುಂಬ, ಆರು ವರ್ಷ ಗಾಳಿ ಕಾಣದ ಮಸಿ,
ಒಂದು ಚುಕ್ಕೆಯೂ ಬಿಡದೆ, ಸಮ.
ತಳದಲ್ಲಿ ಸೀಸದ ಕಡ್ಡಿಯಲ್ಲಿ ಎರಡಕ್ಷರ, ತಾರೀಖು.

ಬಿಸೆಲ್ ಹೆಬ್ಬೆರಳು ತಂದ. ಮುಟ್ಟಲಿಲ್ಲ.
"ಕೂತಿದೆ" ಅಂದ.
ನನಗಲ್ಲ.

ಸಂಜೆ ಪ್ರೈಸ್ ಸ್ಟ್ರೀಟಿನಲ್ಲಿ ಅವನು ನಡೆದು ಹೋಗುವುದನ್ನು ಕಿಟಕಿಯಿಂದ ಕಂಡೆ.
ಮಳೆಯಿಲ್ಲದ ದಿನ, ಕೋಟಿನ ಗುಂಡಿ ಕುತ್ತಿಗೆವರೆಗೆ,
ಎಡಗೈ ಪಕ್ಕೆಗೆ ಬಿಗಿದು, ಗಾಯಗೊಂಡವನ ಹಾಗೆ.

ನಾನು ಕೂತು ಷರಾ ಕಾಲಮ್ಮಿನಲ್ಲಿ ಬರೆದೆ:
ಹಳೆ ಹಿಡಿ, ಎರಡು. ಸುಡಲಾಯಿತು.
ಹತ್ತು ವರ್ಷದ ದಫ್ತರದಲ್ಲಿ ನನ್ನ ಕೈಯಿಂದ ಬಿದ್ದ ಒಂದೇ ಸುಳ್ಳು.
ಒತ್ತುಕಾಗದ ಇಟ್ಟು ತೆಗೆದು ನೋಡಿದೆ.
ಕಪ್ಪು ಹತ್ತಿತ್ತು.
ಅವನ ಲೆಕ್ಕದಲ್ಲಿ, ಅಲ್ಲಿ ಇನ್ನೂ ಕೆಲಸವಿದೆ.